ಪ್ರಬಂಧ ಕಪಾಟಿನಲ್ಲಿ, ರೋಗಿ ಮಂಚದ ಮೇಲೆ

ದೇವದುರ್ಗದ ದವಾಖಾನೆಯಲ್ಲಾಗಲಿ ಮಾನ್ವಿಯ ದವಾಖಾನೆಯಲ್ಲಾಗಲಿ, ‘ರಾಯಚೂರಿಗೆ ಬರ್ದು ಕೊಟ್ಟಾರ’ ಎಂದು ಹೇಳಿದ ಕೂಡಲೇ ಮನೆಯವರ ಬಾಯಿಂದ ಬರುವುದು ಒಂದೇ ಮಾತು: ‘ಉಳೀತಾರೇನ್ರೀ?’ ಆಮೇಲೆ 108 ಆಂಬುಲೆನ್ಸ್ ಬರುತ್ತದೆ. ದೇವದುರ್ಗದಿಂದ ಗಬ್ಬೂರು ದಾಟಿ 50 ಕಿಲೋಮೀಟರಿಗೂ ಹೆಚ್ಚಿನ ದಾರಿ. ಮಾನ್ವಿಯಿಂದ 45ರ ಆಸುಪಾಸು. ದೊಡ್ಡ ದವಾಖಾನೆಯ ಐಸಿಯು ಬಾಗಿಲು ಮುಚ್ಚಿಕೊಂಡ ಮೇಲೆ ಮನೆಯವರಿಗೆ ಡಾಕ್ಟರ ಹೆಸರು ಗೊತ್ತಾಗುತ್ತದೆ, ಯಾವ ಮಶೀನು ಹಚ್ಚಿದ್ದಾರೆಂದು ಗೊತ್ತಾಗುತ್ತದೆ, ಹೊರಗಿನಿಂದ ತಂದ ಔಷಧಿಗೆ ಎಷ್ಟಾಯಿತೆಂಬುದು ಎಲ್ಲಕ್ಕಿಂತ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ರಾತ್ರಿ ಪಾಳಿಯಲ್ಲಿ ಒಳಗೆ ಎಷ್ಟು ಮಂದಿ ಸಿಸ್ಟರ್ ಇದ್ದಾರೆ, ಒಬ್ಬೊಬ್ಬರ ಪಾಲಿಗೆ ಎಷ್ಟು ಮಂಚಗಳಿವೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ‘ಉಳೀತಾರೇನ್ರೀ’ ಎಂಬ ಪ್ರಶ್ನೆಯ ಉತ್ತರದ ದೊಡ್ಡ ಪಾಲು ಅಲ್ಲೇ ಇದೆ.

ಕನಿಕರದಿಂದ ಹುಟ್ಟಿದ ಮಾತಲ್ಲ ಇದು, ಎಣಿಸಿ ನೋಡಿ ಕಂಡುಕೊಂಡ ಸತ್ಯ. ಅಮೆರಿಕದ ನರ್ಸಿಂಗ್ ಸಂಶೋಧಕಿ ಲಿಂಡಾ ಐಕನ್ ಮತ್ತು ಅವರ ಸಂಗಡಿಗರು ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳಲ್ಲಿ ಆಪರೇಷನ್ ಆದ 2,32,000ಕ್ಕೂ ಹೆಚ್ಚು ರೋಗಿಗಳ ಲೆಕ್ಕ ತೆಗೆದು 2002ರಲ್ಲಿ ಪ್ರಕಟಿಸಿದರು. ಒಬ್ಬ ನರ್ಸಿನ ಪಾಲಿಗೆ ಒಬ್ಬೊಬ್ಬ ರೋಗಿ ಹೆಚ್ಚಾದಂತೆ, 30 ದಿನದೊಳಗೆ ರೋಗಿ ಸಾಯುವ ಸಂಭವ ಶೇ 7ರಷ್ಟು ಏರುತ್ತಿತ್ತು. ನಾಲ್ವರನ್ನು ನೋಡಿಕೊಳ್ಳುವ ನರ್ಸಿಗೆ ಎಂಟು ಮಂದಿಯನ್ನು ಹೊರಿಸಿದರೆ ಆ ಸಂಭವ ಶೇ 31ರಷ್ಟು ಹೆಚ್ಚು. ಆಸ್ಪತ್ರೆ ಅದೇ ಗಾತ್ರದ್ದು, ಮಶೀನು ಅದೇ ದರ್ಜೆಯದು ಎಂದು ಲೆಕ್ಕ ಸರಿಹೊಂದಿಸಿದ ಮೇಲೂ ಉಳಿದ ವ್ಯತ್ಯಾಸ ಇದು. 2014ರಲ್ಲಿ ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ ನೋಡಿದಾಗಲೂ ಅದೇ ಶೇ 7. ಅಷ್ಟೇ ಅಲ್ಲ, ಪದವಿ ಓದಿದ ನರ್ಸ್‌ಗಳ ಪಾಲು ಶೇ 10ರಷ್ಟು ಹೆಚ್ಚಿದಲ್ಲಿ ಸಾವಿನ ಸಂಭವ ಶೇ 7ರಷ್ಟು ಇಳಿದಿತ್ತು.

ನಮ್ಮ ಸರ್ಕಾರಕ್ಕೂ ಇದು ಹೊಸ ಸುದ್ದಿಯಲ್ಲ. ಐಸಿಯುನಲ್ಲಿ ಪ್ರತಿ ಪಾಳಿಗೂ ಒಬ್ಬ ರೋಗಿಗೆ ಒಬ್ಬ ನರ್ಸ್, ಸಾಮಾನ್ಯ ವಾರ್ಡಿನಲ್ಲಿ ಆರು ಮಂದಿಗೆ ಒಬ್ಬರು, ಅದರ ಮೇಲೆ ರಜೆ ಹಾಕುವವರ ಬದಲಿಗೆ ಇನ್ನಷ್ಟು ಮಂದಿ ಎಂಬ ಅಳತೆ ನಮ್ಮ ಕಾಗದಗಳಲ್ಲೇ ಬಹಳ ವರ್ಷಗಳಿಂದ ಇದೆ. ರಾಯಚೂರಿನ ಯಾವುದೇ ವಾರ್ಡಿಗೆ ಒಮ್ಮೆ ರಾತ್ರಿ ಹತ್ತರ ನಂತರ ಹೋಗಿ ಬನ್ನಿ. ಆ ಅಳತೆಗೂ ನಿಮ್ಮ ಕಣ್ಣಿಗೆ ಬೀಳುವುದಕ್ಕೂ ಎಷ್ಟು ಅಂತರವಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ.

ಒಳ್ಳೆಯ ಆರೈಕೆಗೆ ಎಷ್ಟು ಶಕ್ತಿ ಇದೆ ಎಂಬುದಕ್ಕೆ ಕನ್ನಡದ ನೆಲದವಳೊಬ್ಬಳ ಮಂಚವೇ ಸಾಕ್ಷಿ. ಹೊನ್ನಾವರದ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯೊಳಗೆ ಕ್ರೂರ ದಾಳಿಗೆ ತುತ್ತಾದರು. ಮಿದುಳು ಹೋಯಿತು, ಮಾತು ಹೋಯಿತು, ದೃಷ್ಟಿ ಹೋಯಿತು. ಅಲ್ಲಿಂದ 2015ರ ಮೇ 18ರವರೆಗೆ, ಹತ್ತಿರ ಹತ್ತಿರ 42 ವರ್ಷ, ಕೆಇಎಂ ನರ್ಸ್‌ಗಳು ಅವರನ್ನು ನೋಡಿಕೊಂಡರು. ಒಂದು ತಲೆಮಾರಿನವರು ನಿವೃತ್ತರಾಗಿ ಹೋದರು, ಅವರ ಜಾಗಕ್ಕೆ ಬಂದ ಹುಡುಗಿಯರು ಆರೈಕೆಯನ್ನು ಮುಂದುವರಿಸಿದರು. ದಯಾಮರಣದ ಅರ್ಜಿ ಸುಪ್ರೀಂ ಕೋರ್ಟಿಗೆ ಹೋದಾಗ ವೈದ್ಯರ ತಂಡ ಬಂದು ಪರೀಕ್ಷಿಸಿತು. ಅಷ್ಟು ವರ್ಷ ಹಾಸಿಗೆ ಹಿಡಿದ ದೇಹದಲ್ಲಿ ಒಂದೇ ಒಂದು ಹಾಸಿಗೆ ಹುಣ್ಣೂ ಇರಲಿಲ್ಲ. 2011ರ ಮಾರ್ಚ್ 7ರ ತೀರ್ಪಿನಲ್ಲಿ ನ್ಯಾಯಾಲಯ ಆ ನರ್ಸ್‌ಗಳನ್ನು ಮನಸಾರೆ ಕೊಂಡಾಡಿತು. ಕೊನೆಗೆ ಅರುಣಾ ತೀರಿಕೊಂಡದ್ದು ನ್ಯುಮೋನಿಯಾದಿಂದ.

ಹಾಸಿಗೆ ಹುಣ್ಣು ಎಂದರೇನೆಂದು ಕಂಡವರಿಗೆ ಗೊತ್ತು. ಸೊಂಟದ ಹಿಂದೆ ಮೊದಲು ಒಂದು ಕೆಂಪು ಮಚ್ಚೆ, ಎರಡು ದಿನಕ್ಕೆ ಸುಲಿದ ಚರ್ಮ, ವಾರ ಕಳೆಯುವುದರೊಳಗೆ ಎಲುಬು ಕಾಣುವಷ್ಟು ಆಳ. ಪಾರ್ಶ್ವವಾಯು ಹೊಡೆದು ಬಂದ ಮನುಷ್ಯ ಪಾರ್ಶ್ವವಾಯುವಿನಿಂದ ಉಳಿದು, ಆ ಹುಣ್ಣಿನಿಂದ ರಕ್ತಕ್ಕೆ ನಂಜೇರಿ ಸಾಯುತ್ತಾನೆ. ಮೊದಲೆಲ್ಲ ಇದಕ್ಕೆ ಸ್ಪಿರಿಟ್ ತಿಕ್ಕುತ್ತಿದ್ದರು, ಪೌಡರ್ ಉದುರಿಸುತ್ತಿದ್ದರು, ಎಣ್ಣೆ ಸವರುತ್ತಿದ್ದರು. ಡೊರೀನ್ ನಾರ್ಟನ್ ಎಂಬ ಬ್ರಿಟಿಷ್ ನರ್ಸ್ ತನ್ನ ಜೊತೆಗಾರರೊಂದಿಗೆ ವಯಸ್ಸಾದ ರೋಗಿಗಳ ವಾರ್ಡುಗಳಲ್ಲಿ ಅಧ್ಯಯನ ಮಾಡಿ 1962ರಲ್ಲಿ ಹೇಳಿದ್ದು ಸರಳ: ಸವರುವುದರಿಂದ ಪ್ರಯೋಜನವಿಲ್ಲ, ತಪ್ಪದೆ ಮಗ್ಗುಲು ಬದಲಿಸಿ ಒತ್ತಡ ತೆಗೆಯಿರಿ. ಯಾರಿಗೆ ಹುಣ್ಣಾಗುವ ಅಪಾಯ ಹೆಚ್ಚೆಂದು ಮೊದಲೇ ಗುರುತಿಸಲು ಒಂದು ಅಂಕಪಟ್ಟಿಯನ್ನೂ ಅವರು ಮಾಡಿದರು. 1987ರಲ್ಲಿ ಬಾರ್ಬರಾ ಬ್ರೇಡನ್, ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಎಂಬ ಇನ್ನಿಬ್ಬರು ನರ್ಸ್‌ಗಳು ಅದಕ್ಕಿಂತ ಸೂಕ್ಷ್ಮವಾದ ಪಟ್ಟಿ ತಂದರು. ಇಂದು ಜಗತ್ತಿನ ಬಹಳಷ್ಟು ಐಸಿಯುಗಳು ಅದನ್ನೇ ಬಳಸುತ್ತವೆ.

ಇದನ್ನೇ ನಾನು ನರ್ಸಿಂಗ್ ಸಂಶೋಧನೆ ಎನ್ನುತ್ತೇನೆ. ಮಂಚದ ಪಕ್ಕ ನಿಂತವರು ಪ್ರಶ್ನೆ ಕೇಳಿದರು, ಮಂಚದ ಪಕ್ಕವೇ ಉತ್ತರ ಹುಡುಕಿದರು, ಉತ್ತರ ತಿರುಗಿ ಮಂಚಕ್ಕೇ ಬಂತು. ಪ್ರತಿ ಮೇ 12ರಂದು ನಮ್ಮ ನರ್ಸಿಂಗ್ ಕಾಲೇಜುಗಳು ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನಲ್ಲಿ ದೀಪ ಹಚ್ಚಿ ಪ್ರತಿಜ್ಞೆ ಮಾಡುತ್ತವೆ. ಒಳ್ಳೆಯದು. ಆದರೆ ಆ ತಾಯಿ ದೀಪ ಹಿಡಿದು ತಿರುಗಿದ್ದಷ್ಟೇ ಅಲ್ಲ, ಸತ್ತವರನ್ನು ಎಣಿಸಿದಳು. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ತಡೆಯಬಹುದಾದ ರೋಗಗಳಿಂದ ಸತ್ತರೆಂದು 1858ರಲ್ಲಿ ಚಿತ್ರ ಬರೆದು ಆಳುವವರ ಮುಖಕ್ಕೆ ಹಿಡಿದಳು. ಅವಳ ದೀಪವನ್ನು ಇಟ್ಟುಕೊಂಡು ಅವಳ ಲೆಕ್ಕದ ಪುಸ್ತಕವನ್ನು ನಾವು ಬಿಟ್ಟೆವು.

ನಮ್ಮಲ್ಲಿ ಸಂಶೋಧನೆ ಆಗುತ್ತಿಲ್ಲವೇ? ರಾಶಿ ರಾಶಿ ಆಗುತ್ತಿದೆ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಎಂ.ಎಸ್ಸಿ. ನರ್ಸಿಂಗ್ ಓದುವ ಪ್ರತಿಯೊಬ್ಬರೂ ಪ್ರಬಂಧ ಬರೆಯಲೇಬೇಕು. ಮೊದಲು ಸಿನಾಪ್ಸಿಸ್, ಆಮೇಲೆ ದಪ್ಪ ರಟ್ಟಿನ, ಹೊಳೆಯುವ ಅಕ್ಷರದ ಡಿಸರ್ಟೇಶನ್. ರಾಜ್ಯದ ಯಾವ ಕಾಲೇಜಿನದಾದರೂ ಸರಿ, ಶೀರ್ಷಿಕೆಗಳನ್ನು ಒಂದರ ಕೆಳಗೊಂದು ಓದುತ್ತ ಹೋಗಿ. ಆಯ್ದ ಆಸ್ಪತ್ರೆಗಳ ಸ್ಟಾಫ್ ನರ್ಸ್‌ಗಳಿಗೆ ಇಂಥ ವಿಷಯದಲ್ಲಿ ಎಷ್ಟು ಜ್ಞಾನವಿದೆ, ಯೋಜಿತ ಪಾಠವೊಂದನ್ನು ಮಾಡಿದ ಮೇಲೆ ಎಷ್ಟು ಹೆಚ್ಚಾಯಿತು ಎಂಬ ಅದೇ ಅಚ್ಚು. ವೆಂಟಿಲೇಟರ್ ನ್ಯುಮೋನಿಯಾ ಇದ್ದಲ್ಲಿ ಹಾಸಿಗೆ ಹುಣ್ಣು ಹಾಕಿ, ಹಾಸಿಗೆ ಹುಣ್ಣಿದ್ದಲ್ಲಿ ಕಫ ಎಳೆಯುವ ವಿಧಾನ ಹಾಕಿ, ಊರಿನ ಹೆಸರು ಬದಲಿಸಿ, ಅಚ್ಚು ಬದಲಾಗದು. ಪ್ರಶ್ನೆಪತ್ರಿಕೆ ಕೊಡುತ್ತಾರೆ, ಒಂದು ತಾಸು ಪಾಠ ಮಾಡುತ್ತಾರೆ, ವಾರ ಬಿಟ್ಟು ಅದೇ ಪ್ರಶ್ನೆಪತ್ರಿಕೆ ಮತ್ತೆ ಕೊಡುತ್ತಾರೆ. ಅಂಕ ಏರಿರುತ್ತದೆ. ಪಾಠ ಕೇಳಿದ ಯಾರಿಗೆ ತಾನೇ ಏರುವುದಿಲ್ಲ? ಬೋಧನೆ ಪರಿಣಾಮಕಾರಿ ಎಂದು ತೀರ್ಮಾನ ಬರೆದು, ರಟ್ಟು ಕಟ್ಟಿಸಿ, ಕಪಾಟಿಗೆ ಇಡುತ್ತಾರೆ.

ಆ ವಾರದಲ್ಲಿ ಆ ವಾರ್ಡಿನಲ್ಲಿ ಎಷ್ಟು ರೋಗಿಗಳಿಗೆ ಹಾಸಿಗೆ ಹುಣ್ಣಾಯಿತು? ಪ್ರಬಂಧ ಅದನ್ನು ಕೇಳಿರುವುದಿಲ್ಲ.

ಇನ್ನೂ ಆಳದಲ್ಲಿ ಒಂದು ಅನ್ಯಾಯವಿದೆ, ನನ್ನನ್ನು ಕಾಡುವುದು ಅದೇ. ಈ ಅಚ್ಚು ನರ್ಸಿಗೆ ಗೊತ್ತಿಲ್ಲ ಎಂಬ ಊಹೆಯ ಮೇಲೆ ನಿಂತಿದೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಯಾವ ಸಿಸ್ಟರಿಗೆ ಗೊತ್ತಿಲ್ಲ? ಪ್ರಜ್ಞೆ ಇಲ್ಲದ, ಎಂಬತ್ತು ಕಿಲೋ ತೂಕದ ಮನುಷ್ಯನನ್ನು ಒಬ್ಬಳೇ ಹೊರಳಿಸುವುದು ಹೇಗೆ, ಆ ಹೊತ್ತಿಗೆ ಪಕ್ಕದ ಮಂಚದ ಸಲೈನ್ ಮುಗಿದಿದ್ದರೆ ಯಾರು ನೋಡುವುದು ಎಂಬುದು ಅವಳ ಪ್ರಶ್ನೆ. ಅಮೆರಿಕದ ನರ್ಸ್ ಬಿಯಾಟ್ರಿಸ್ ಕಾಲಿಶ್ 2006ರಲ್ಲಿ ಆಸ್ಪತ್ರೆಯ ನರ್ಸ್‌ಗಳನ್ನು ಕೂರಿಸಿಕೊಂಡು, ಪಾಳಿ ಮುಗಿಯುವ ಹೊತ್ತಿಗೆ ಯಾವ ಕೆಲಸ ಮಾಡದೆ ಉಳಿಯುತ್ತದೆ ಎಂದು ಕೇಳಿದರು. ನಡೆದಾಡಿಸುವುದು, ಮಗ್ಗುಲು ಬದಲಿಸುವುದು, ಹೊತ್ತಿಗೆ ಸರಿಯಾಗಿ ಉಣಿಸುವುದು, ಬಾಯಿ ಮೈ ಶುಚಿ ಮಾಡುವುದು, ಒಳಹೋದ ನೀರು ಹೊರಬಂದ ಮೂತ್ರದ ಲೆಕ್ಕ ಬರೆಯುವುದು, ಧೈರ್ಯ ಹೇಳುವುದು ಎಂದೆಲ್ಲ ಪಟ್ಟಿ ಬಂತು. ಇವು ಗೊತ್ತಿಲ್ಲದೆ ಬಿಟ್ಟ ಕೆಲಸಗಳಲ್ಲ. ಹೆಚ್ಚಾಗಿ ಕೈ ಸಾಲದೆ, ಹೊತ್ತು ಸಾಲದೆ ಬಿಟ್ಟವು. ದಣಿದ ಹೆಣ್ಣುಮಗಳ ಕೈಗೆ ಪ್ರಶ್ನೆಪತ್ರಿಕೆ ಕೊಟ್ಟು ಅವಳ ಜ್ಞಾನ ಕಡಿಮೆ ಎಂದು ಬರೆಯುವ ಸಂಶೋಧನೆ ಯಾರ ಪರವಾಗಿದೆ? ಹುದ್ದೆ ತುಂಬದವರ ಪರವಾಗಿದೆ. ಅರಿತೋ ಅರಿಯದೆಯೋ, ತಪ್ಪನ್ನು ಅದು ಖಾಲಿ ಹುದ್ದೆಯಿಂದ ತೆಗೆದು ನರ್ಸಿನ ತಲೆಗೆ ಕಟ್ಟುತ್ತದೆ.

ವಿದ್ಯಾರ್ಥಿಗಳನ್ನು ನಾನು ದೂರುವುದಿಲ್ಲ. ಸಾಲ ಮಾಡಿ ಓದುವ ಮಕ್ಕಳವರು. ಗೈಡ್ ಒಪ್ಪಿದ ಶೀರ್ಷಿಕೆ ಬರೆಯುತ್ತಾರೆ, ಅನುಮತಿ ಸಿಕ್ಕ ವಾರ್ಡಿಗೆ ಹೋಗುತ್ತಾರೆ. ನನ್ನ ಮಾತು ಗೈಡ್‌ಗಳಿಗೆ, ಪ್ರಾಂಶುಪಾಲರಿಗೆ, ಪರೀಕ್ಷಕರಿಗೆ. ಹಳೆಯ ಪ್ರಬಂಧದ ನೆರಳು ಹೊಸ ಪ್ರಬಂಧದ ಮೇಲೆ ಬಿದ್ದಿಲ್ಲವೆಂದು ನೀವು ಎದೆ ಮುಟ್ಟಿಕೊಂಡು ಹೇಳಬಲ್ಲಿರಾ? ಕಳೆದ ಹತ್ತು ವರ್ಷಗಳಲ್ಲಿ ನಿಮ್ಮ ಕಾಲೇಜಿನ ಯಾವ ಪ್ರಬಂಧದಿಂದ ಯಾವ ವಾರ್ಡಿನ ಯಾವ ರೂಢಿ ಬದಲಾಯಿತು? ಒಂದಾದರೂ ಇದ್ದರೆ ಅದನ್ನು ಊರಿಗೆಲ್ಲ ಹೇಳಿ, ನಾವೂ ಹೆಮ್ಮೆಪಡುತ್ತೇವೆ.

ರೂಢಿ ಬದಲಾಗಲೇಬೇಕಾಗುತ್ತದೆ, ಏಕೆಂದರೆ ನಿನ್ನೆ ಕಲಿಸಿದ್ದು ಇಂದಿಗೆ ಸರಿ ಇರುವುದಿಲ್ಲ. ವೆಂಟಿಲೇಟರ್ ಮೇಲಿರುವವರ ಬಾಯನ್ನು ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಒರೆಸಿದರೆ ನ್ಯುಮೋನಿಯಾ ತಡೆಯಬಹುದೆಂದು ಬಹಳ ವರ್ಷ ಎಲ್ಲ ಕಡೆ ಕಲಿಸಿದರು. 2014ರಿಂದೀಚೆಗೆ ಅದರ ಬಗ್ಗೆ ಅನುಮಾನ ಬಲಿಯಿತು. ಹಾನಿಯೂ ಇರಬಹುದೆಂಬ ಲೆಕ್ಕಗಳು ಬಂದವು. 2022ರ ಅಮೆರಿಕದ ಮಾರ್ಗಸೂಚಿ ಆ ದ್ರಾವಣ ಬಿಟ್ಟು ಬ್ರಶ್ಶಿನಿಂದ ಹಲ್ಲುಜ್ಜಿ ಎಂದಿತು. 2023ರ ಕೊನೆಗೆ ಬಂದ, 15 ಪ್ರಯೋಗಗಳನ್ನು ಒಟ್ಟಿಗೆ ತೂಗಿದ ವಿಶ್ಲೇಷಣೆಯ ಪ್ರಕಾರ ಬರೀ ಹಲ್ಲುಜ್ಜುವುದರಿಂದಲೇ ಆಸ್ಪತ್ರೆಯಲ್ಲಿ ತಗಲುವ ನ್ಯುಮೋನಿಯಾ ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ, ಐಸಿಯು ಸಾವೂ ಕಡಿಮೆಯಾಗುತ್ತದೆ. ಹಲ್ಲುಜ್ಜುವ ಬ್ರಶ್ಶಿನ ಬೆಲೆ ಎಷ್ಟು? ಹಾಗೆಯೇ ಬಾರ್ಸಿಲೋನಾದ ಆಸ್ಪತ್ರೆಯೊಂದರ ಎರಡು ಐಸಿಯುಗಳಲ್ಲಿ ಮಾಡಿ 1999ರಲ್ಲಿ ಪ್ರಕಟಿಸಿದ ಪ್ರಯೋಗ. ವೆಂಟಿಲೇಟರ್ ಮೇಲಿದ್ದವರಲ್ಲಿ ಅಂಗಾತ ಮಲಗಿಸಿದವರ ಪೈಕಿ ಶೇ 34 ಮಂದಿಗೆ ನ್ಯುಮೋನಿಯಾ ಶಂಕೆ. ಮಂಚದ ತಲೆಯ ಕಡೆ 45 ಡಿಗ್ರಿ ಎತ್ತರಿಸಿದವರಲ್ಲಿ ಶೇ 8. ತಲೆಯ ಕಡೆಯ ಹಿಡಿಕೆ ತುಕ್ಕು ಹಿಡಿದು ತಿರುಗದೆ ನಿಂತ ಮಂಚಗಳು ನಮ್ಮ ಜಿಲ್ಲೆಯಲ್ಲಿ ಎಷ್ಟಿವೆ ಎಂದು ಒಬ್ಬ ವಿದ್ಯಾರ್ಥಿ ಎಣಿಸಿ ಬರೆದರೂ ಅದು ಕಪಾಟಿನಲ್ಲಿರುವ ಎಷ್ಟೋ ಪ್ರಬಂಧಗಳಿಗಿಂತ ಮೇಲು.

ಇಂಥದ್ದೆಲ್ಲ ಅಮೆರಿಕ, ಯುರೋಪಿನಲ್ಲಿ ಆಗುವ ಮಾತು ಎನ್ನುವವರಿಗೆ ನಮ್ಮ ಬೆಳಗಾವಿಯನ್ನು ತೋರಿಸುತ್ತೇನೆ. 2002ರಿಂದ 2005ರವರೆಗೆ ಆ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ, ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಡನೆ ಸೇರಿ ಬಾಣಂತಿಯರ ರಕ್ತಸ್ರಾವದ ಬಗ್ಗೆ ಪ್ರಯೋಗ ನಡೆಸಿದರು. ಅದರ ಕೈಕಾಲುಗಳು ಯಾರು? ಹಳ್ಳಿಯ ಎಎನ್‌ಎಂ ಸಿಸ್ಟರುಗಳು. 1,620 ಹೆರಿಗೆಗಳನ್ನು ಮನೆಗಳಲ್ಲಿ, ಉಪಕೇಂದ್ರಗಳಲ್ಲಿ ಮಾಡಿಸಿ, ಮಿಸೊಪ್ರೊಸ್ಟಾಲ್ ಗುಳಿಗೆಯನ್ನೋ ಅದೇ ರೂಪದ ಖಾಲಿ ಗುಳಿಗೆಯನ್ನೋ ಕೊಟ್ಟು, ಹರಿದ ರಕ್ತವನ್ನು ಅಳೆದರು. ಕಣ್ಣಂದಾಜು ನಂಬಲಿಲ್ಲ, ತಾಯಿಯ ಕೆಳಗೆ ಹಾಸುವ, ಅಳತೆ ಗೆರೆಗಳಿರುವ ಪ್ಲಾಸ್ಟಿಕ್ ಚೀಲವನ್ನು ಅಲ್ಲೇ ರೂಪಿಸಿಕೊಂಡರು. ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2006ರಲ್ಲಿ ಇದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಗುಳಿಗೆಯನ್ನು ಈ ಬಳಕೆಗಾಗಿ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಬೆಳಗಾವಿಯ ಹಳ್ಳಿಯಲ್ಲಿ ಸಿಸ್ಟರ್ ಅಳೆದ ರಕ್ತ ಜಗತ್ತಿನ ತಾಯಂದಿರ ಲೆಕ್ಕಕ್ಕೆ ಬಂತು. ದೇವದುರ್ಗದ ಸಿಸ್ಟರಿಗೆ ಅಳೆಯಲು ಬರುವುದಿಲ್ಲವೇ?

ನಮ್ಮ ಜಿಲ್ಲೆಯ ಪ್ರಶ್ನೆಗಳು ನಮ್ಮವೇ. ಹತ್ತಿ, ಮೆಣಸಿನಕಾಯಿ, ಭತ್ತದ ಸೀಮೆ ಇದು. ಬೆಳೆಗೆ ಹೊಡೆಯುವ ಕೀಟನಾಶಕದ ಎಣ್ಣೆ ಮೈಗೆ ಹೋಗಿ, ಬಾಯಿಗೆ ಹೋಗಿ ದವಾಖಾನೆಗೆ ಬರುವವರನ್ನು ಇಲ್ಲಿನ ನರ್ಸ್‌ಗಳು ನೋಡುವಷ್ಟು ಬೆಂಗಳೂರಿನ ದೊಡ್ಡ ಕಾಲೇಜುಗಳವರು ನೋಡಲಾರರು. ಇಂಥ ರೋಗಿ ಮೊದಲ ದಿನದ ಗಂಡಾಂತರ ದಾಟುತ್ತಾನೆ, ಕಣ್ಣು ಬಿಡುತ್ತಾನೆ, ಮಾತಾಡುತ್ತಾನೆ, ಮನೆಯವರು ಉಸಿರು ಬಿಡುತ್ತಾರೆ. ಒಂದರಿಂದ ನಾಲ್ಕು ದಿನದೊಳಗೆ ಏಕಾಏಕಿ ಅವನ ಉಸಿರಾಟದ ಸ್ನಾಯುಗಳೇ ಸೋಲಬಹುದು. 1987ರಲ್ಲಿ ಶ್ರೀಲಂಕಾದ ಸೇನಾನಾಯಕೆ, ಕರಳ್ಳಿಯೆದ್ದೆ ಎಂಬ ವೈದ್ಯರು ಇದನ್ನು ಬಿಡಿಸಿ ಬರೆದರು. ಬರುವ ಮೊದಲ ಸೂಚನೆ ಕುತ್ತಿಗೆಯ ನಿಶ್ಶಕ್ತಿ: ದಿಂಬಿನಿಂದ ತಲೆ ಎತ್ತಲಾಗದು. ಅದನ್ನು ಕಾಣಲು ಯಾವ ಮಶೀನೂ ಬೇಡ. ‘ತೆಲಿ ಎತ್ತು ತಮ್ಮಾ, ನೋಡೂಣು’ ಎಂದು ಪ್ರತಿ ಪಾಳಿಯಲ್ಲಿ ಎರಡು ಸಲ ಕೇಳಿ ಬರೆದಿಟ್ಟರೆ ಎಷ್ಟು ಜನರನ್ನು ಉಸಿರು ನಿಲ್ಲುವ ಮೊದಲೇ ವೆಂಟಿಲೇಟರಿಗೆ ಸೇರಿಸಬಹುದು? ಮಾನ್ವಿಯಿಂದ ರಾಯಚೂರಿಗೆ ಯಾವ ಹೊತ್ತಿನಲ್ಲಿ ಕಳಿಸಿದರೆ ದಾರಿಯಲ್ಲಿ ಹೋಗದೆ ಉಳಿಯುತ್ತಾರೆ? ಇದು ಪ್ರಬಂಧದ ವಿಷಯ. ಇದನ್ನು ಮಾಡಬಲ್ಲವರು ರಾಯಚೂರಿನವರು.

ಹಾವು ಕಡಿದು ಬಂದವರದ್ದೂ ಹೀಗೆಯೇ. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ತಂದಿದೆ. ಸ್ವಚ್ಛವಾದ ಒಣ ಗಾಜಿನ ನಳಿಕೆಯಲ್ಲಿ ರೋಗಿಯ ರಕ್ತ ಹಾಕಿ, ಅಲುಗಿಸದೆ 20 ನಿಮಿಷ ಇಟ್ಟು, ಓರೆ ಮಾಡಿ ನೋಡುವ ಪರೀಕ್ಷೆ ಮಾಡುವುದು ಬಹಳ ಕಡೆ ನರ್ಸೇ. ನಳಿಕೆ ಪ್ಲಾಸ್ಟಿಕ್ಕಿನದಾದರೆ, ಸೋಪಿನ ಅಂಶ ಉಳಿದಿದ್ದರೆ ಫಲಿತಾಂಶ ಸುಳ್ಳಾಗುತ್ತದೆ. ನಮ್ಮ ತಾಲ್ಲೂಕುಗಳಲ್ಲಿ ನಡುರಾತ್ರಿ ಯಾವ ನಳಿಕೆ ಕೈಗೆ ಸಿಗುತ್ತದೆ? ಯಾರಾದರೂ ನೋಡಿ ಬರೆದಿದ್ದಾರೆಯೇ? ಬಾಣಂತಿಗೆ, ಬಸುರಿಗೆ ಬಿಪಿ ಏರಿ ಫಿಟ್ಸ್ ಬಂದಾಗ ಕೊಡುವ ಮ್ಯಾಗ್ನೀಸಿಯಂ ಸಲ್ಫೇಟಿನ ಪ್ರತಿ ಡೋಸಿಗೂ ಮೊದಲು ಮೊಣಕಾಲು ತಟ್ಟಿ ನೋಡಬೇಕು, ಉಸಿರು ನಿಮಿಷಕ್ಕೆ 16ಕ್ಕಿಂತ ಕೆಳಗಿಳಿಯದಂತೆ, ಮೂತ್ರ ತಾಸಿಗೆ 30 ಎಂಎಲ್‌ಗಿಂತ ಕಡಿಮೆಯಾಗದಂತೆ ನೋಡಬೇಕು. ನಾಲ್ಕು ಹೆರಿಗೆ ಒಟ್ಟಿಗೆ ಬಂದ ರಾತ್ರಿ ಇದನ್ನು ಒಬ್ಬ ಸಿಸ್ಟರ್ ಮಾಡುವುದು ಹೇಗೆ? ಚಾರ್ಟಿನಲ್ಲಿ ಎಲ್ಲರ ಉಸಿರೂ 20 ಎಂದು ಸಾಲಾಗಿ ಬರೆದಿರುವುದನ್ನು ವಾರ್ಡ್ ಕಂಡವರೆಲ್ಲ ಬಲ್ಲರು. ಸೋಮಾರಿತನವೆಂದು ಬೈಯುವ ಮೊದಲು ಒಂದು ನಿಮಿಷ ಪೂರ್ತಿ ಎಣಿಸಲು ಅವಳಿಗೆ ಎಷ್ಟು ನಿಮಿಷಗಳಿದ್ದವೆಂದು ಯಾರಾದರೂ ಗಡಿಯಾರ ಹಿಡಿದು ಅಳೆಯಲಿ. ಮೇ ತಿಂಗಳ ರಾಯಚೂರಿನ ಬಿಸಿಲಿನಲ್ಲಿ ರೆಕ್ಸಿನ್ ಹೊದಿಸಿದ ಹಾಸಿಗೆಯ ಮೇಲೆ ಬೆವರಿ ಒದ್ದೆಯಾದ ಬೆನ್ನಿಗೆ ಎರಡು ತಾಸಿನ ಲೆಕ್ಕ ಸಾಕೇ ಎಂಬುದಕ್ಕೆ ಯಾವ ಯುರೋಪಿನ ಪುಸ್ತಕವೂ ಉತ್ತರ ಹೇಳದು.

ಐಸಿಯು ಹೊರಗಿನ ಕಾರಿಡಾರನ್ನೂ ಮರೆಯಬೇಡಿ. ಚಾಪೆ ಹಾಸಿಕೊಂಡು, ಬುತ್ತಿಯ ರೊಟ್ಟಿ ಮುರಿದುಕೊಂಡು, ‘ಪೇಶೆಂಟ್ ಕಡೆಯವ್ರು ಯಾರ್ರೀ’ ಎಂಬ ಕೂಗಿಗೆ ಬೆಚ್ಚಿಬೀಳುತ್ತ ಕೂತ ಜನ ಅಲ್ಲಿದ್ದಾರೆ. ಕೂಗಿದರೆ ಒಂದೋ ಔಷಧಿ ಚೀಟಿ, ಇಲ್ಲವೇ ಕೆಟ್ಟ ಸುದ್ದಿ. ನ್ಯಾನ್ಸಿ ಮೋಲ್ಟರ್ ಎಂಬ ನರ್ಸ್ 1979ರಲ್ಲಿ ಇಂಥ 40 ಸಂಬಂಧಿಕರನ್ನು ಕಂಡು, ಅವರಿಗೆ ಎಲ್ಲಕ್ಕಿಂತ ಬೇಕಾದದ್ದು ಏನು ಎಂದು ಕೇಳಿದರು. ಮೊದಲ ಸ್ಥಾನದಲ್ಲಿ ಬಂದದ್ದು ಭರವಸೆ. ಒಳಗಿನವರು ನಮ್ಮವರನ್ನು ಮನಸ್ಸಿಟ್ಟು ನೋಡಿಕೊಳ್ಳುತ್ತಿದ್ದಾರೆ ಎಂಬ ನಂಬಿಕೆ, ಪ್ರಾಮಾಣಿಕವಾದ, ತಮಗೆ ಅರ್ಥವಾಗುವಂಥ ಉತ್ತರ ಬೇಕೆಂದೂ ಅವರು ಹೇಳಿದರು. ದಿನಕ್ಕೆ ಒಂದು ಸಲ, ಗೊತ್ತಾದ ಹೊತ್ತಿಗೆ, ಸಿಸ್ಟರ್ ಒಬ್ಬರು ಹೊರಬಂದು ಐದು ನಿಮಿಷ ಕನ್ನಡದಲ್ಲೋ ತೆಲುಗಿನಲ್ಲೋ ಉರ್ದುವಿನಲ್ಲೋ ಮಾತಾಡಿದರೆ ಕಾರಿಡಾರಿನ ಜಗಳಗಳು ಎಷ್ಟು ಇಳಿಯುತ್ತವೆ ಎಂದು ಒಂದು ತಿಂಗಳು ನೋಡಿ ಬರೆಯಲು ಯಾವ ದುಡ್ಡು ಬೇಕು? ಸಂಶೋಧನೆಗೆ ಒಪ್ಪಿಗೆ ಕೇಳುವಾಗಲೂ ಇದೇ ಮರ್ಯಾದೆ ಇರಲಿ. ಪ್ರಜ್ಞೆ ಇಲ್ಲದವನ ಹೆಂಡತಿಗೆ ಇಂಗ್ಲಿಷ್ ಹಾಳೆ ತೋರಿಸಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದನ್ನು ಒಪ್ಪಿಗೆ ಎನ್ನಲಾಗದು. 2017ರ ಐಸಿಎಂಆರ್ ಮಾರ್ಗಸೂಚಿ ಇಂಥ ರೋಗಿಗಳಿಗೆ ವಿಶೇಷ ರಕ್ಷಣೆ ಕೊಡಲು ಹೇಳುತ್ತದೆ. ಅವಳ ಭಾಷೆಯಲ್ಲಿ ಓದಿ ಹೇಳಿ, ಬೇಡವೆಂದರೆ ಆರೈಕೆ ಕಡಿಮೆಯಾಗದೆಂದು ಹೇಳಿ, ಆಮೇಲೆ ಕೇಳಿ.

ಆಳುವವರಿಗೆ ಹೇಳಬೇಕಾದದ್ದು ಇದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಬಂತು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಸಾವಿರಾರು ಕೋಟಿ ಬಂತು. 2002ರ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ದೇವದುರ್ಗವೂ ಇತ್ತು. 2007ರಲ್ಲಿ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ರಿಮ್ಸ್ ಆಯಿತು. 2021ರ ಕೇಂದ್ರದ ಯೋಜನೆ ಜಿಲ್ಲೆಗಳಿಗೆ ತೀವ್ರ ನಿಗಾ ಘಟಕಗಳ ಕಟ್ಟಡ ಕೊಡುವುದಾಗಿ ಹೇಳಿತು. ಏಮ್ಸ್ ಬೇಕೆಂದು ರಾಯಚೂರಿನ ಜನ 2022ರಿಂದ ಧರಣಿ ಕೂತರು. ಆ ಬೇಡಿಕೆ ನ್ಯಾಯವಾದದ್ದು, ನನ್ನದೂ ಹೌದು. ಆದರೆ ಕಟ್ಟಡ ರೋಗಿಯ ಮಗ್ಗುಲು ಬದಲಿಸುವುದಿಲ್ಲ. ಕೋವಿಡ್ ಕಾಲದಲ್ಲಿ ದೇಶದ ಉದ್ದಗಲಕ್ಕೂ ವೆಂಟಿಲೇಟರ್ ಪೆಟ್ಟಿಗೆಗಳು ಬಂದಿಳಿದವು, ನಡೆಸುವ ಕೈಗಳಿಲ್ಲದೆ ಎಷ್ಟೋ ಹಾಗೇ ಉಳಿದವು. ಆ ಪಾಠ ಮರೆಯುವಷ್ಟು ಹಳೆಯದಲ್ಲ. ಮಂಜೂರಾದ ನರ್ಸಿಂಗ್ ಹುದ್ದೆ ತುಂಬಿ. ಗುತ್ತಿಗೆಯ ಹೆಸರಿನಲ್ಲಿ ಒಂದೇ ಕೆಲಸಕ್ಕೆ ಅರ್ಧ ಸಂಬಳ ಕೊಡಬೇಡಿ. ಹಾಗೆ ಕೊಟ್ಟದ್ದಕ್ಕೇ ನಮ್ಮ ಹೆಣ್ಣುಮಕ್ಕಳು ಇಲ್ಲಿ ಕಲಿತು ಬೆಂಗಳೂರು, ಹೈದರಾಬಾದ್, ಗಲ್ಫ್ ಸೇರುತ್ತಿದ್ದಾರೆ. ತೀವ್ರ ನಿಗಾ ಆರೈಕೆಯಲ್ಲಿ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ಸ್ನಾತಕೋತ್ತರ ಕೋರ್ಸನ್ನು ಭಾರತೀಯ ನರ್ಸಿಂಗ್ ಪರಿಷತ್ತು 2016ರಲ್ಲಿ ರೂಪಿಸಿತು. ಅಂಥವರಿಗೆ ರಾಯಚೂರಿನಲ್ಲಿ, ತಾಲ್ಲೂಕು ಆಸ್ಪತ್ರೆಗಳಲ್ಲಿ ಹುದ್ದೆ ಕೊಡಿ. ಮಂಡಳಿಯ ದುಡ್ಡಿನಲ್ಲಿ ಒಂದು ಸಣ್ಣ ಪಾಲು ನರ್ಸ್‌ಗಳು ತಾವೇ ಕೇಳಿದ ಪ್ರಶ್ನೆಗಳಿಗೆ, ಡ್ಯೂಟಿ ಅವಧಿಯಲ್ಲೇ, ಅವರ ಹೆಸರಿನಲ್ಲೇ ಉತ್ತರ ಹುಡುಕಲು ಮೀಸಲಾಗಲಿ.

ಡಾಕ್ಟರುಗಳಿಗೂ ಒಂದು ಮಾತು. ಮಿಷಿಗನ್ ರಾಜ್ಯದ 103 ಐಸಿಯುಗಳಲ್ಲಿ ರಕ್ತನಾಳದ ನಳಿಕೆಯಿಂದ ಬರುವ ಸೋಂಕನ್ನು ಇಳಿಸಿದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಕೈ ತೊಳೆಯುವುದರಿಂದ ಹಿಡಿದು ಐದೇ ಸರಳ ನಿಯಮ. ಆದರೆ ಡಾಕ್ಟರು ನಿಯಮ ತಪ್ಪಿದರೆ ಅವರನ್ನು ಅಲ್ಲೇ ತಡೆಯುವ ಅಧಿಕಾರವನ್ನು ನರ್ಸಿಗೆ ಕೊಟ್ಟಿದ್ದರು. ಮೂರು ತಿಂಗಳಲ್ಲಿ ಅರ್ಧಕ್ಕೂ ಹೆಚ್ಚು ಐಸಿಯುಗಳಲ್ಲಿ ಆ ಸೋಂಕು ಸೊನ್ನೆಗೆ ಇಳಿಯಿತು. ನಿಮ್ಮ ವಾರ್ಡಿನ ಸಿಸ್ಟರ್ ‘ಸರ್, ಕೈ ತೊಳ್ಕೊಂಡಿಲ್ರಿ’ ಎಂದರೆ ನೀವು ಏನು ಮಾಡುತ್ತೀರಿ? ಆ ಉತ್ತರದ ಮೇಲೆ ಪ್ರಾಣಗಳು ನಿಂತಿವೆ.

ಇನ್ನು ನಾವು, ಪೇಶೆಂಟ್ ಕಡೆಯವರು. ನರ್ಸಿನ ಮೇಲೆ ಕೂಗಾಡುವುದನ್ನು ಬಿಡೋಣ. ‘ಈ ಪಾಳಿಗೆ ಎಷ್ಟು ಮಂದಿ ಸಿಸ್ಟರ್?’ ಎಂದು ಆಡಳಿತದವರನ್ನು ಕೇಳೋಣ, ಶಾಸಕರನ್ನು ಕೇಳೋಣ, ಗ್ರಾಮಸಭೆಯಲ್ಲಿ ಕೇಳೋಣ. ಪ್ರತಿ ವಾರ್ಡಿನ ಬಾಗಿಲಲ್ಲಿ ಒಂದು ಬೋರ್ಡು ಇರಲಿ: ಇಂದಿನ ರೋಗಿಗಳು ಇಷ್ಟು, ನರ್ಸ್‌ಗಳು ಇಷ್ಟು, ಈ ತಿಂಗಳು ಇಲ್ಲಿ ಆದ ಹಾಸಿಗೆ ಹುಣ್ಣು ಇಷ್ಟು. ಸಂಖ್ಯೆ ಎಲ್ಲರಿಗೂ ಕಾಣಲಿ.

ರಾಯಚೂರಿನ ನರ್ಸಿಂಗ್ ಕಾಲೇಜುಗಳ ಗುರುಗಳೇ, ನಿಮ್ಮ ಕೈಯಲ್ಲಿ ಈ ವರ್ಷವೇ ಆಗುವ ಕೆಲಸವಿದೆ. ಜ್ಞಾನದ ಅಂಕ ಅಳೆಯುವ ಶೀರ್ಷಿಕೆಗೆ ಸಹಿ ಹಾಕಬೇಡಿ. ರೋಗಿಗೆ ಏನಾಯಿತು ಎಂದು ಅಳೆಯುವ ಶೀರ್ಷಿಕೆ ಕೇಳಿ. ಮುಗಿದ ಪ್ರತಿ ಪ್ರಬಂಧದ ಸಾರವನ್ನು ಕನ್ನಡದಲ್ಲಿ ಒಂದು ಪುಟ ಬರೆಸಿ, ಅದು ಹುಟ್ಟಿದ ವಾರ್ಡಿನ ಗೋಡೆಗೆ ಅಂಟಿಸಿ. ಆ ವಾರ್ಡಿನ ಸಿಸ್ಟರುಗಳ ಹೆಸರನ್ನು ಲೇಖಕರ ಸಾಲಿನಲ್ಲಿ ಸೇರಿಸಿ. ಮತ್ತು ಸಿನಾಪ್ಸಿಸ್ ಬರೆಯಲು ಕೂರುವ ಪ್ರತಿ ವಿದ್ಯಾರ್ಥಿಯನ್ನೂ ಮೊದಲು ದೇವದುರ್ಗದಲ್ಲಿ ಒಂದು ರಾತ್ರಿ ಪಾಳಿಗೆ, ಮಾನ್ವಿಯಲ್ಲಿ ಒಂದು ರಾತ್ರಿ ಪಾಳಿಗೆ ಕಳಿಸಿ. ಶೀರ್ಷಿಕೆಯನ್ನು ಅವರು ಬೆಳಿಗ್ಗೆ ಬರೆಯಲಿ.